ಉಪ್ಪಿನ ಅರಮನೆಗೆ ಹೊಸಗಣ್ಣು

ನಮ್ಮೂರಿನ ಥೇಟರಿನ ಪರದೆ ಸುಮ್ಮಸುಮ್ಮನೆ ಏಳುವುದಿಲ್ಲ. ಅವತ್ತು ಆಡುವ ನಾಟಕವನ್ನು ಹಿಂದೆಂದೂ ನೋಡಿರದವರು ಒಬ್ಬರು ಮುಂದೆ ರಂಗಕ್ಕೆ ಎದುರಾಗಿ ಇರಬೇಕು; ಅವರು ಕೂರಲೆಂದೇ ಒಂದು ಬೆತ್ತದ ಕುರ್ಚಿ ಹಾಕಿದೆ. ಇಲ್ಲದಿದ್ದರೆ ಹಗ್ಗಕ್ಕೆ ಊರೇ ಜೋತುಬಿದ್ದರೂ ಅದು ಅಲ್ಲಾಡುವುದಿಲ್ಲ. ಹಾಗೆ ಕೂರುವವರಿಗೆ ಹೊಸಗಣ್ಣು ಅನ್ನುತ್ತೇವೆ. ಒಂದು ಸಲ ನೋಡಿದರೆ ಆ ನಾಟಕದ ಮಟ್ಟಿಗೆ ಅವರದು ಹಳೆಗಣ್ಣಾಯಿತು. ಆಮೇಲೆ ಎಷ್ಟು ಸಲ ಬೇಕಾದರೂ ಬರಬಹುದು, ಆದರೆ ಹಿಂದಿನ ಬೆಂಚಿನಲ್ಲಿ ಕೂತು, ಇನ್ಯಾರದೋ ಹೊಸಗಣ್ಣಿನ ಉಪಕಾರದಲ್ಲಿ ನೋಡಬೇಕು. ಒಂದು ಆಟಕ್ಕೆ ಒಬ್ಬರೇ ಹೊಸಗಣ್ಣು. ಇಬ್ಬರನ್ನು ಬಿಟ್ಟುಕೊಂಡರೆ ಒಬ್ಬರು ಸುಮ್ಮನೆ ಖರ್ಚಾಗುತ್ತಾರೆಂದು ಕಂಪನಿಯವರು ಬಾಗಿಲಲ್ಲೇ ಎಲ್ಲರನ್ನೂ ವಿಚಾರಿಸಿ ಒಳಗೆ ಬಿಡುತ್ತಾರೆ.

ಹೀಗಾಗಿ ನಮ್ಮಲ್ಲಿ ನಾಟಕ ನೋಡದವರಿಗೆ ಬಹಳ ಮರ್ಯಾದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು ಯಾವ ಯಾವ ನಾಟಕ ನೋಡುವುದು ಬಾಕಿ ಇದೆ ಎಂದು ಕೇಳುತ್ತಾರೆ. ಪರವೂರಿನ ಅಳಿಯನೆಂದರೆ ಊರಿಗೆಲ್ಲ ಅಳಿಯನೇ. ಅವನು ಮಾವನ ಮನೆಯಲ್ಲಿ ಊಟ ಮುಗಿಸುವಷ್ಟರಲ್ಲಿ ಕಂಪನಿಯವರು ಬಂದು ಜಗುಲಿಯ ಮೇಲೆ ಕೂತಿರುತ್ತಾರೆ. ವರ್ಗವಾಗಿ ಬಂದ ಪೋಸ್ಟ್‌ಮಾಸ್ತರರಿಗೆ ಮೊದಲ ವರ್ಷ ಸಿಗುವ ನಮಸ್ಕಾರ ಎರಡನೇ ವರ್ಷ ಸಿಗುವುದಿಲ್ಲ; ಅಷ್ಟರಲ್ಲಿ ಪಾಪ, ಅವರು ಎಲ್ಲವನ್ನೂ ನೋಡಿ ಮುಗಿಸಿರುತ್ತಾರೆ. ಇನ್ನೊಂದು ಸಂಗತಿಯೆಂದರೆ ಹೊಸಗಣ್ಣಿನವರು ನಿದ್ದೆ ಹೋದರೆ ಪರದೆ ಬಿದ್ದುಬಿಡುತ್ತದೆ. ನನ್ನ ಸೋದರಮಾವ 'ಜೋಡು ಮದುವೆ' ನೋಡಲು ಕೂತು ಹೋಳಿಗೆಯ ಭಾರಕ್ಕೆ ತೂಕಡಿಸಿ, ಮದುಮಗನ ತಲೆಯ ಮೇಲೆ ಪರದೆ ಬೀಳಿಸಿದ್ದನ್ನು ಊರು ಇವತ್ತಿಗೂ ಮರೆತಿಲ್ಲ. ಅದಕ್ಕೇ ನಮ್ಮಲ್ಲಿ ನಾಟಕ ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ.

ಎಲ್ಲ ನಾಟಕಗಳಿಗಿಂತ ಹೆಸರುವಾಸಿಯಾದದ್ದು 'ಉಪ್ಪಿನ ಅರಮನೆ'. ಒಬ್ಬ ರಾಜ ಜಂಬಕ್ಕೆ ಬಿದ್ದು ಉಪ್ಪಿನಲ್ಲಿ ಅರಮನೆ ಕಟ್ಟಿಸುತ್ತಾನೆ, ಮೂರನೇ ಅಂಕದಲ್ಲಿ ಮಳೆ ಬರುತ್ತದೆ, ಅರಮನೆ ಕರಗುತ್ತಿರುವಾಗ ಅವನು ಬಾಗಿಲಲ್ಲಿ ನಿಂತು ಒಂದು ಹಾಡು ಹಾಡುತ್ತಾನೆ. ಆ ಹಾಡಿಗೆ ಅಳದವರು ನಮ್ಮೂರಲ್ಲಿಲ್ಲ. ಮಕ್ಕಳಿಗೆ ಹದಿನಾರು ತುಂಬಿದಾಗಲೋ, ಮದುವೆ ಗೊತ್ತಾದಾಗಲೋ ಅದನ್ನು ತೋರಿಸುವುದು ರೂಢಿ. ನಾನು ನಲವತ್ತು ದಾಟಿ, ಹಿಟ್ಟಿನ ಗಿರಣಿ ನಡೆಸುತ್ತ, ಒಬ್ಬ ಮಗಳ ಮದುವೆ ಮಾಡಿದವಳು. ಆ ಮಗಳೂ ನೋಡಿದ್ದಳು. ನಾನು ನೋಡಿರಲಿಲ್ಲ. ಯಾಕೆಂದರೆ ರಾಜನ ಪಾತ್ರ ಮಾಡುವವನು ನನ್ನ ಅಪ್ಪ, ಈರಭದ್ರಪ್ಪ. ನನ್ನನ್ನು ಅವನ ಕೊನೆಯ ಆಟಕ್ಕೆಂದು ತೆಗೆದಿರಿಸಿದ್ದರು.

ಇದು ಅಪ್ಪನದೇ ಆಸೆ. ನಾನು ಇನ್ನೂ ತೊಟ್ಟಿಲಲ್ಲಿದ್ದಾಗ ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟಿ ಆಣೆ ಮಾಡಿದ್ದನಂತೆ, ನನ್ನ ಕೊನೆಯ ಆಟ ಮಗಳು ದಾಕ್ಷಿ ನೋಡಲಿ, ದಾಕ್ಷಿ ನೋಡಿದ ಮೇಲೆ ನಾನು ಬಣ್ಣ ಹಚ್ಚುವುದಿಲ್ಲ ಎಂದು. ಆಗ ಅವನು ಹರೆಯದವನು, ಕೊನೆಯ ಆಟವೆಂಬುದು ಬಹಳ ದೂರದ ಮಾತು. ಈಗ ಎಪ್ಪತ್ತು ದಾಟಿದೆ. ಪ್ರತಿ ವರ್ಷ ನಾನು ಕೇಳುತ್ತೇನೆ, ಪ್ರತಿ ವರ್ಷ ಅವನು ಒಂದು ನೆಪ ಹೇಳುತ್ತಾನೆ. ಒಮ್ಮೆ ಹೊಸ ಪೋಷಾಕು ಬರಲಿ ಎಂದ. ಒಮ್ಮೆ ತಬಲಾದವನು ಸರಿಯಿಲ್ಲ ಎಂದ. ಕಳೆದ ವರ್ಷ ಹೇಳಿದ್ದು ಇದು: "ಈ ವರ್ಷ ಬ್ಯಾಡವ್ವಾ, ದನಿ ಒಡದೈತಿ. ಒಡದ ದನೀಲೆ ನೋಡಿದಿ ಅಂದ್ರ ನಿನ್ನ ಕಣ್ಣಾಗ ಅದ ಉಳೀತೈತಿ."

ಒಡೆದದ್ದು ದನಿಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವನ ಎದೆ ಒಡೆಯುವುದರಲ್ಲಿತ್ತು. ದಸರೆಯ ಆಟದಲ್ಲಿ ಮೂರನೇ ಅಂಕದ ಹಾಡಿನ ಎತ್ತರದ ಸ್ವರಕ್ಕೆ ಹೋದವನು ಎದೆ ಹಿಡಿದುಕೊಂಡು ಕೂತುಬಿಟ್ಟನಂತೆ. ಅದು ಅಭಿನಯವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಅಭಿನಯವಲ್ಲವೆಂದು ಗೊತ್ತಾದದ್ದು ರಾಣಿಯ ಪಾತ್ರದ ಜುಬೇದಾಬಾಯಿಗೆ ಮಾತ್ರ. ಅವರು ರಾಜನ ಕಾಲು ಹಿಡಿದು ಅಳುವ ನೆಪದಲ್ಲಿ ಅವನನ್ನು ಒರಗಿಸಿಕೊಂಡು, ಉಳಿದ ಎರಡು ನುಡಿ ತಾವೇ ಹಾಡಿ ಮುಗಿಸಿದರು. ಮಾರನೇ ದಿನ ಡಾಕ್ಟರರು ನನ್ನನ್ನೂ ಅವ್ವನನ್ನೂ ಕೂರಿಸಿಕೊಂಡು, ಇನ್ನು ಹಾಡಬಾರದು, ಹಾಡಿದರೆ ನಾನು ಜವಾಬ್ದಾರನಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅಪ್ಪ ಮಾತ್ರೆ ನುಂಗಿ, ಬಾಯಿ ಒರೆಸಿಕೊಂಡು, ಯುಗಾದಿ ಹಬ್ಬದ ಆಟಕ್ಕೆ ಯಾರು ಹೊಸಗಣ್ಣು ಎಂದು ವಿಚಾರಿಸಲು ಹೋದ.

ನನಗೆ ಸಿಟ್ಟು ಬೇಗ ಬರುತ್ತದೆ, ಗಿರಣಿಯಲ್ಲಿ ಕೂಗಿ ಕೂಗಿ ದನಿಯೂ ದೊಡ್ಡದಾಗಿದೆ. ಕಂಪನಿಯ ಮಾಲಕ ಅಡಿವೆಪ್ಪನವರ ಮನೆ ಬಾಗಿಲಿಗೇ ಹೋಗಿ, ಯುಗಾದಿಯ ಆಟಕ್ಕೆ ನಾನೇ ಹೊಸಗಣ್ಣು, ಅದೇ ಅಪ್ಪನ ಕೊನೆಯ ಆಟ, ಮೂರನೇ ಅಂಕದ ಹಾಡು ಒಂದೇ ನುಡಿ, ಅದೂ ಕೆಳಗಿನ ಸ್ವರದಲ್ಲಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಬಂದೆ. ಊರಿಗೆಲ್ಲ ಗೊತ್ತಾದ ಮೇಲೆ ಅಪ್ಪನಿಗೆ ನೆಪ ಉಳಿಯಲಿಲ್ಲ. ಒಂದೇ ಒಂದು ಆಟ ಹೇಗಾದರೂ ದಾಟಿದರೆ ಅವನು ಉಳಿಯುತ್ತಾನೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ನಾಟಕ ನೋಡುವ ಆಸೆ ಅಷ್ಟರಲ್ಲಿ ಸತ್ತೇಹೋಗಿತ್ತು ಎಂದರೂ ಸುಳ್ಳಲ್ಲ.

ಯುಗಾದಿಯ ಮಧ್ಯಾಹ್ನ ಥೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈರಭದ್ರಪ್ಪನ ಕೊನೆಯ ಆಟ, ಅದೂ ಮಗಳ ಹೊಸಗಣ್ಣಿನಲ್ಲಿ ಎಂದು ಸುತ್ತಲ ಹಳ್ಳಿಗಳಿಂದಲೂ ಜನ ಬಂದಿದ್ದರು. ನಾನು ಇಳಕಲ್ ಸೀರೆ ಉಟ್ಟು, ಬೆತ್ತದ ಕುರ್ಚಿಯಲ್ಲಿ ಕೂತೆ. ಅವ್ವ ಪಕ್ಕದ ಸ್ಟೂಲಿನ ಮೇಲೆ, ಸೆರಗಿನ ಗಂಟಿನಲ್ಲಿ ಅಪ್ಪನ ಮಾತ್ರೆ ಕಟ್ಟಿಕೊಂಡು ಕೂತಿದ್ದಳು. ಹೊಸಗಣ್ಣಿನವರ ಮುಖ ನೋಡುವುದು ನಮ್ಮೂರಲ್ಲಿ ಅರ್ಧ ನಾಟಕ. ಬೆನ್ನಿಗೆ ಅಷ್ಟು ಜನರ ಕಣ್ಣು ಚುಚ್ಚುತ್ತಿದ್ದವು. ಗಂಟೆ ಹೊಡೆಯಿತು, ಹಾರ್ಮೋನಿಯಂ ಶುರುವಾಯಿತು, ಇಬ್ಬರು ಹಗ್ಗ ಎಳೆದರು. ಪರದೆ ಏಳಲಿಲ್ಲ.

ಮತ್ತೆ ಎಳೆದರು. ಇನ್ನಿಬ್ಬರು ಬಂದು ಕೂಡಿಕೊಂಡರು. ಪರದೆಯ ಅಂಚು ಕೂಡ ಅಲುಗಲಿಲ್ಲ. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ಕದ್ದು ನೋಡಿದ್ದಾಳೆ ಎಂದು ಒಬ್ಬಳು, ಮಗಳ ಸರದಿಯಲ್ಲಿ ಬಾಗಿಲ ಸಂದಿಯಿಂದ ಇಣುಕಿರಬೇಕು ಎಂದು ಇನ್ನೊಬ್ಬಳು. ನನಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಜೀವಮಾನವೆಲ್ಲ ಆ ನಾಟಕದ ದಿನ ಥೇಟರಿನ ಬೀದಿಗೂ ಕಾಲಿಡದೆ, ಮಗಳು ಹೊಸಗಣ್ಣಾದ ದಿನವೂ ಮನೆಯಲ್ಲಿ ಕೂತು ಶಾವಿಗೆ ಹೊಸೆದವಳು ನಾನು. ಅಡಿವೆಪ್ಪನವರು ಬಂದು ಮೆಲ್ಲಗೆ, ನಿಜ ಹೇಳು ತಾಯಿ ಎಂದು ಕೇಳಿದರು. ಉತ್ತರ ಕೊಟ್ಟವಳು ಅವ್ವ.

"ಆಕಿ ಥೇಟರಿನಾಗ ನೋಡಿಲ್ರಿ," ಎಂದಳು. "ಹಿತ್ತಲದಾಗ ನೋಡ್ಯಾಳ."

ಆಗ ನನಗೂ ಹೊಳೆಯಿತು. ಅಪ್ಪ ದಿನಾ ಬೆಳಿಗ್ಗೆ ಗಿರಣಿಯ ಹಿಂದಿನ ಹಿತ್ತಲಲ್ಲಿ ತಾಲೀಮು ಮಾಡುತ್ತಿದ್ದ. ಹಲ್ಲುಜ್ಜುತ್ತ ಶುರುಮಾಡಿದರೆ ಚಹಾ ಆಗುವವರೆಗೆ. ಜರಡಿ ತಲೆಯ ಮೇಲಿಟ್ಟುಕೊಂಡರೆ ರಾಜ, ಟವೆಲ್ಲು ಹೊದ್ದರೆ ರಾಣಿ, ಒನಕೆ ಹಿಡಿದರೆ ಸೇನಾಪತಿ. ಇವತ್ತು ಮೊದಲ ಅಂಕ, ನಾಳೆ ಎರಡನೆಯದು. ಹುಟ್ಟಿದಾಗಿನಿಂದ ನಾನು ಕಟ್ಟೆಯ ಮೇಲೆ ಕೂತು ನೋಡಿದ್ದೆ. ಅದನ್ನು ನೋಡುವುದೆಂದು ಯಾರೂ ಅಂದುಕೊಂಡಿರಲಿಲ್ಲ. ಥೇಟರಿನ ಬಾಗಿಲೊಂದನ್ನು ಕಾದರೆ ಸಾಕೆಂದು ಊರೆಲ್ಲ ನಂಬಿತ್ತು, ಮನೆಯ ಹಿತ್ತಲನ್ನು ಕಾಯಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಡಿವೆಪ್ಪನವರು ತಲೆ ತುರಿಸಿಕೊಂಡರು. ಆಮೇಲೆ ಎಲ್ಲರಿಗೂ ಕೈಮುಗಿದು, ಮುಂದಿನ ವಾರ ಬೇರೆ ಹೊಸಗಣ್ಣು ಹುಡುಕುತ್ತೇವೆ, ಈರಭದ್ರಪ್ಪನವರು ಅವತ್ತು ಹಾಡುತ್ತಾರೆ ಎಂದು ಹೇಳಲು ಶುರುಮಾಡಿದರು. ಮುಂದಿನ ವಾರವೆಂದರೆ ಮುಂದಿನ ತಿಂಗಳು, ಮುಂದಿನ ವರ್ಷ. ನಾನು ಕಟ್ಟಿದ ಕಟ್ಟೆಯೆಲ್ಲ ಒಡೆದುಹೋಗಿತ್ತು. ಅಪ್ಪ ಎಲ್ಲಾದರೂ ಒಂದು ದಿನ ಆ ಎತ್ತರದ ಸ್ವರದಲ್ಲೇ ಹೋಗುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ ಎಂದು ಕೂತಲ್ಲೇ ಅಳು ಬಂತು.

ಅಷ್ಟರಲ್ಲಿ ಪಕ್ಕದ ಸಣ್ಣ ಬಾಗಿಲು ತೆಗೆದುಕೊಂಡು ಅಪ್ಪ ಹೊರಗೆ ಬಂದ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಮೈಮೇಲೆ ಜರಿಯ ಅಂಗಿ. ಏನು ನಡೆದಿದೆಯೆಂದು ನೋಡಲು ಬಂದವನು ನನ್ನ ಕುರ್ಚಿಯ ಹತ್ತಿರ ನಿಂತು, ಯಾಕೆ ಅಳುತ್ತೀ ಎಂದು ಕೇಳುತ್ತ ರಂಗದ ಕಡೆ ತಿರುಗಿದ. ಪರದೆ ಸರ್ರನೆ ಎದ್ದಿತು. ಹಗ್ಗಕ್ಕೆ ಜೋತಿದ್ದ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು. ಒಳಗೆ ಜುಬೇದಾಬಾಯಿ ಸಿಂಹಾಸನದ ಮೇಲೆ ಕಾಲು ಮಡಚಿ ಕೂತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದರು.

ಜನ ನಕ್ಕರು. ಅಪ್ಪ ಗಾಬರಿಯಿಂದ ಸಣ್ಣ ಬಾಗಿಲಿನ ಕಡೆ ಓಡಿದ. ಅವನು ಒಳಗೆ ಹೋಗುತ್ತಿದ್ದಂತೆ ಪರದೆ ಬಿತ್ತು. ಅಡಿವೆಪ್ಪನವರು ಅವನನ್ನು ಕರೆದರು, ಹೊರಗೆ ಬಂದ, ಪರದೆ ಎದ್ದಿತು. ಮತ್ತೊಮ್ಮೆ ಒಳಗೆ ಕಳಿಸಿ ನೋಡಿದರು, ಬಿತ್ತು. ಬಣ್ಣ ಹಚ್ಚುವವರನ್ನೆಲ್ಲ ನಾವು ಹಳೆಗಣ್ಣೆಂದೇ ಲೆಕ್ಕ ಹಿಡಿದಿದ್ದೆವು. ಅಪ್ಪ ಹತ್ತೊಂಬತ್ತನೇ ವಯಸ್ಸಿಗೆ ಪರವೂರಿನಿಂದ ಬಂದವನು. ಬಂದ ದಿನವೇ ರಾಜನ ಪಾತ್ರದವನು ಓಡಿಹೋಗಿದ್ದ, ಇವನಿಗೆ ಕಿರೀಟ ಇಟ್ಟು ತಳ್ಳಿದ್ದರು. ಅಲ್ಲಿಂದ ಇಲ್ಲಿಯವರೆಗೆ 'ಉಪ್ಪಿನ ಅರಮನೆ' ಆಡಿದಾಗಲೆಲ್ಲ ಅವನು ಪರದೆಯ ಆ ಕಡೆಗೇ ಇದ್ದ. ಊರಿಗೆಲ್ಲ ನಾಟಕ ತೋರಿಸಿದವನು ಒಂದು ದಿನವೂ ಅದನ್ನು ನೋಡಿರಲಿಲ್ಲ.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. "ಅಪ್ಪಾ, ಕುಂದ್ರು."

"ನಾ ಇಲ್ಲಿ ಕುಂತ್ರ ಅಲ್ಲಿ ರಾಜಾ ಯಾರು?"

ಕೆಂಚಪ್ಪನಿದ್ದಾನಲ್ಲ ಎಂದೆ. ಕೆಂಚಪ್ಪ ಸೇನಾಪತಿಯ ಪಾತ್ರದವನು. ರಾಜನ ಮಾತು, ಹಾಡು ಎಲ್ಲ ಬಾಯಿಪಾಠ ಮಾಡಿಕೊಂಡು ಕಾಯುತ್ತ ಕಾಯುತ್ತಲೇ ಅವನ ತಲೆಯೂ ನರೆತಿತ್ತು. ಅವನಿಗೆ ಎತ್ತರದ ಸ್ವರ ಹತ್ತುವುದಿಲ್ಲ ಎಂದು ಅಪ್ಪ ತಕರಾರು ತೆಗೆದ. ಬೇಕಾದರೆ ಇವತ್ತು ಆಟ ನಿಲ್ಲಿಸೋಣ, ಮುಂದಿನ ವಾರ ಯಾರಾದರೂ ಸಿಗುತ್ತಾರೆ, ನಾನೇ ಹಾಡುತ್ತೇನೆ ಎಂದ. ಅವನ ಮುಖದಲ್ಲಿ ಆಸೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ನನಗೆ ಒಂದು ಕ್ಷಣ ಕರುಣೆಯೇ ಬಂತು. ಅವ್ವನಿಗೆ ಬರಲಿಲ್ಲ. ಅವಳು ಸ್ಟೂಲಿನಿಂದ ಏಳದೆಯೇ ಹೇಳಿದಳು.

"ದಾಕ್ಷಿ ನೋಡಿದ ಮ್ಯಾಲೆ ಬಣ್ಣ ಹಚ್ಚೂದಿಲ್ಲ ಅಂತ ಪೆಟಗಿ ಮುಟ್ಟಿ ಆಣಿ ಮಾಡೀರಿ. ಆಕಿ ನೋಡಿ ಎಷ್ಟೋ ವರ್ಷ ಆತು ಅಂತ ಪರದೀನ ಹೇಳ್ತು. ಈಗ ಸುಮ್ನ ಕುಂದರ್ರಿ."

ಇಡೀ ಥೇಟರು ಅಪ್ಪನ ಮುಖವನ್ನೇ ನೋಡುತ್ತಿತ್ತು. ಕೆಂಚಪ್ಪ ಸೇನಾಪತಿಯ ವೇಷದಲ್ಲೇ ಬಂದು ಎದುರಿಗೆ ತಲೆ ಬಗ್ಗಿಸಿ ನಿಂತ. ಅಪ್ಪ ಕಿರೀಟವನ್ನು ತೆಗೆದು, ಒಳಗಿನ ಬೆವರನ್ನು ತನ್ನ ತೋಳಿಗೆ ಒರೆಸಿ, ಕೆಂಚಪ್ಪನ ತಲೆಗಿಟ್ಟ. ಹಿಂದೆ ಸ್ವಲ್ಪ ಸಡಿಲ, ಒಳಗೆ ಬಟ್ಟೆ ತುರುಕಿಕೋ ಎಂದು ಹೇಳಿಕೊಟ್ಟ. ಆಮೇಲೆ ಬೆತ್ತದ ಕುರ್ಚಿಯಲ್ಲಿ ಕೂತ. ನಾನು ಅವನ ಕಾಲ ಹತ್ತಿರ ನೆಲದ ಮೇಲೆ ಕೂತೆ. ಸೇನಾಪತಿಯಿಲ್ಲದೆಯೇ ಅವತ್ತು ನಾಟಕ ನಡೆಯಿತು, ಯುದ್ಧಕ್ಕೆ ರಾಜ ಒಬ್ಬನೇ ಹೋಗಿಬಂದ.

ಮೊದಲ ಅಂಕವೆಲ್ಲ ಅಪ್ಪ ಕೆಂಚಪ್ಪನ ತಪ್ಪು ಹಿಡಿಯುವುದರಲ್ಲೇ ಕಳೆದ. ಎಡಗಾಲು ಮುಂದಿಡಬೇಕಿತ್ತು ಎಂದ, ಆ ಮಾತು ಅಷ್ಟು ಬೇಗ ಹೇಳಬಾರದು ಎಂದ. ಎರಡನೇ ಅಂಕದಲ್ಲಿ ಮಾತು ಕಡಿಮೆಯಾಯಿತು. ರಾಜ ಮುಖ ತಿರುಗಿಸಿದಾಗ ರಾಣಿ ಅವನ ಬೆನ್ನಿಗೆ ಕೈಮುಗಿಯುವ ಒಂದು ಗಳಿಗೆಯಿದೆ. ಅಪ್ಪ ನನ್ನ ಭುಜ ಹಿಡಿದು, "ಜುಬೇದಾಬಾಯಿ ದಿನಾ ಹಿಂಗ ಕೈ ಮುಗೀತಿದ್ಲೇನು?" ಎಂದು ಕೇಳಿದ. ಹೌದಂತೆ ಎಂದೆ. ಅವನು ತಲೆ ಅಲ್ಲಾಡಿಸಿದ. ವಿದೂಷಕನ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕ. ಬಣ್ಣ ಹಚ್ಚಿದ ಮುಖದಲ್ಲಿ ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮೂರನೇ ಅಂಕದಲ್ಲಿ ಮಳೆ ಶುರುವಾಯಿತು. ಕೆಂಚಪ್ಪ ನಮ್ಮ ಕಡೆ ಮುಖ ಮಾಡಿ ನಿಂತು ಹಾಡತೊಡಗಿದ. ಅವನ ಬೆನ್ನ ಹಿಂದೆ, ಅಟ್ಟದಿಂದ ಇಳಿಬಿಟ್ಟಿದ್ದ ತೆಳು ಬಿಳಿಯ ಬಟ್ಟೆಯ ಅರಮನೆ ಒಂದೊಂದೇ ಪದರವಾಗಿ ಜಾರಿ ಬೀಳತೊಡಗಿತು. ಮೊದಲು ಗೋಪುರ, ಆಮೇಲೆ ಕಿಟಕಿಗಳು, ಆಮೇಲೆ ಕಂಬಗಳು, ಒಂದು ಚೂರೂ ಸದ್ದಿಲ್ಲದೆ. ಇಡೀ ಥೇಟರು ಅಯ್ಯೋ ಎಂದಿತು. ಅಪ್ಪ ಕುರ್ಚಿಯಲ್ಲಿ ಬಿಗಿಯಾಗಿ ಕೂತುಬಿಟ್ಟ. ಅವನು ಅಷ್ಟು ವರ್ಷವೂ ಅದಕ್ಕೆ ಬೆನ್ನು ಮಾಡಿಯೇ ಹಾಡಿದ್ದ. ಹಿಂದೆ ಏನೋ ಬಟ್ಟೆ ಎಳೆಯುತ್ತಾರೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೂಡಲೇ ಪರದೆ ಇಳಿಯತೊಡಗಿತು, ಕೆಂಚಪ್ಪನ ಕಿರೀಟದವರೆಗೆ ಬಂತು. ಹಿಂದಿನಿಂದ ಜನ, ಈರಭದ್ರಪ್ಪ, ಕಣ್ಣು ತೆಗೆಯಿರಿ ಎಂದು ಕೂಗಿದರು. ನಾನು ಅವನ ಕೈ ಹಿಡಿದು ಕೆಳಗೆ ಎಳೆದೆ, ಪರದೆ ಮೇಲೆ ಹೋಯಿತು. ಉಳಿದ ಹಾಡೆಲ್ಲ ಹಾಗೇ ನಡೆಯಿತು. ಅವನು ಮುಖ ಮುಚ್ಚುವುದು, ನಾನು ಕೈ ಎಳೆಯುವುದು. ಕೆಂಚಪ್ಪ ಬಗ್ಗುತ್ತ ಏಳುತ್ತ ಹಾಡಿದ. ಎತ್ತರದ ಸ್ವರ ಅವನಿಗೆ ಹತ್ತಲಿಲ್ಲ, ಒಂದು ಮೆಟ್ಟಿಲು ಕೆಳಗೇ ನಿಂತ, ಅದರಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಅಪ್ಪನ ಎದೆ ಮಾತ್ರ ನನ್ನ ಪಕ್ಕದಲ್ಲೇ ಏರುತ್ತ ಇಳಿಯುತ್ತ ಸರಿಯಾಗಿ ಉಸಿರಾಡುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ನಾಟಕದ ಕಡೆ ನಾನು ಹೆಚ್ಚು ನೋಡಲಿಲ್ಲ.

ಮುಗಿದ ಮೇಲೆ ಜನ ಕೆಂಚಪ್ಪನನ್ನು ಮುತ್ತಿಕೊಂಡರು. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಕಣ್ಣೀರಿಗೆ ಅವನ ಮುಖದ ಬಣ್ಣವೆಲ್ಲ ಇಳಿದು ಮೀಸೆ ಎಲ್ಲಿ, ಕೆನ್ನೆ ಎಲ್ಲಿ ಗೊತ್ತಾಗುತ್ತಿರಲಿಲ್ಲ. ಅವ್ವ ಮಾತ್ರೆ ಕೊಟ್ಟಳು. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡ. ಆಮೇಲೆ ನನಗಷ್ಟೇ ಕೇಳುವಂತೆ ಮಾತಾಡಿದ.

"ಜನ ಅಯ್ಯೋ ಅನ್ನೂದು ನನ್ನ ಹಾಡಿಗೆ ಅಂತ ತಿಳದಿದ್ನಿ ದಾಕ್ಷಿ. ಅದು ಅರಮನಿಗೆ ಅಂತಿದ್ರು."

ನನಗೆ ತಮಾಷೆ ಮಾಡುವ ಬುದ್ಧಿ ಜಾಸ್ತಿ. ಬೇರೆ ದಿನವಾಗಿದ್ದರೆ ಈಗಲಾದರೂ ತಿಳಿಯಿತಲ್ಲ ಎಂದು ಬಿಡುತ್ತಿದ್ದೆ. ಅವತ್ತು ಅವನ ಮುಖ ನೋಡಿದರೆ ಹಾಗೆನ್ನಲು ಆಗಲಿಲ್ಲ. ಅವನು ಒಂದು ಜೀವಮಾನದ ಬಗ್ಗೆ ಕೇಳುತ್ತಿದ್ದ. ಸುಳ್ಳು ಹೇಳಿ ಸಮಾಧಾನ ಮಾಡುವ ಅಗತ್ಯ ನನಗಿರಲಿಲ್ಲ, ಅದೇ ನನ್ನ ಪುಣ್ಯ.

"ಹಿತ್ತಲದಾಗ ಅರಮನಿ ಎಲ್ಲಿತ್ತಪ್ಪಾ?" ಎಂದೆ. "ಬಟ್ಟಿ ಇರಲಿಲ್ಲ, ಮಳಿ ಇರಲಿಲ್ಲ. ಜರಡಿ ತಲಿ ಮ್ಯಾಲಿಟ್ಕೊಂಡು ನೀ ಒಬ್ಬಾವನ ಹಾಡ್ತಿದ್ದಿ. ಅದು ಕರಗಿದ್ದು ನಂಗ ದಿನಾ ಕಾಣ್ತಿತ್ತು. ಕಾಣದಿದ್ರ ಇವತ್ತ ಪರದಿ ಯಾಕ ಏಳಲಿಲ್ಲ?"

ಅಪ್ಪ ನನ್ನನ್ನೇ ನೋಡಿದ, ಪರದೆಯನ್ನು ನೋಡಿದ. ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ ಅವ್ವನ ಕಡೆ ಕೈಚಾಚಿ ಟವೆಲ್ಲು ಕೇಳಿ, ಬಣ್ಣದ ಕೋಣೆಗೆ ಹೋಗದೆ, ಅಲ್ಲೇ ಕುರ್ಚಿಯಲ್ಲೇ ಕೂತು, ಎಲ್ಲರೆದುರಿಗೆ ಮುಖ ಒರೆಸಿಕೊಳ್ಳತೊಡಗಿದ.